ಬೂಷ್ಟಿನ ಜಾಡು ಹಿಡಿದವರು

ಎಪ್ಪತ್ತರ ದಶಕದ ನಡುವಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಗಮನ ಸಾಗರ ತಾಲ್ಲೂಕಿನ ಹಂದಿಗೋಡಿನ ಕಡೆ ತಿರುಗಿತು. 1974–75ರ ಸುಮಾರಿಗೆ ಹೊರಗಿನವರ ಕಣ್ಣಿಗೆ ಬಿದ್ದ ಅಲ್ಲಿನ ಕಾಯಿಲೆಗೆ ಕೊನೆಗೆ ಊರಿನ ಹೆಸರೇ ಅಂಟಿಕೊಂಡಿತು. ಚಲವಾದಿ ಮತ್ತು ಚೆನ್ನಂಗಿ ಸಮುದಾಯದ ಮನೆಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ನೋಯಲು ಶುರುವಾಗಿ, ಬರಬರುತ್ತ ಸವೆದು, ದುಡಿಯುವ ವಯಸ್ಸಿನ ಗಂಡಸರು ಹೆಂಗಸರು ಎದ್ದು ನಡೆಯಲಾರದಂತಾಗುತ್ತಿದ್ದರು. ಕೆಲವರ ಎತ್ತರವೇ ಕುಂಠಿತವಾಗಿತ್ತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನ ಬೇರೆ ಹಳ್ಳಿಗಳಲ್ಲೂ ಇಂಥ ಮನೆಗಳಿದ್ದವು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿ, ಆ ಏಡಿ ತಿಂದವರಿಗೆ ಹೀಗಾಗಿದೆ ಎಂಬ ಮಾತು ಊರೂರಲ್ಲಿ ಹಬ್ಬಿತ್ತು. ಬಡವರ ಊಟದಲ್ಲೇ ಏನೋ ಸೇರಿದೆ ಎಂಬ ಅನುಮಾನ ಅಸಹಜವಾದದ್ದೇನೂ ಅಲ್ಲ. ಆದ್ದರಿಂದಲೇ ಊಟವನ್ನು ಓದುವ ಸಂಸ್ಥೆಯವರು ಬರಬೇಕಾಯಿತು.

ಆ ಸಂಸ್ಥೆಯ ಆರ್.ವಿ. ಭಟ್ ಮತ್ತು ಕೆ.ಎ.ವಿ.ಆರ್. ಕೃಷ್ಣಮಾಚಾರಿ ಇದರ ಅಧ್ಯಯನವನ್ನು 1977ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದರು. ಮಲೆನಾಡಿನಲ್ಲಿ ಕುಟುಂಬಗಳೊಳಗೆ ಸಾಗಿಬರುವ ಸಂಧಿವಾತ ಎಂದು ಅದಕ್ಕೆ ಹೆಸರಿಟ್ಟರು. ಒಂದೇ ಸೀಮೆಯ ನೀರು ಕುಡಿದು, ಒಂದೇ ಸೀಮೆಯ ಅಕ್ಕಿ ಉಣ್ಣುವ ಬೇರೆ ಮನೆಗಳವರು ನೆಟ್ಟಗಿದ್ದರು. ಕಾಯಿಲೆ ಮಾತ್ರ ರಕ್ತಸಂಬಂಧದ ಹಾದಿಯಲ್ಲಿ, ಹೆತ್ತವರಿಂದ ಮಕ್ಕಳಿಗೆ ನಡೆದಿತ್ತು. ಮುಂದೆ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನವೂ ಇದು ಅನುವಂಶೀಯ ಮೂಳೆದೋಷ ಎಂದೇ ಹೇಳಿತು. ಏಡಿಯ ಮೇಲಿನ ಆರೋಪ ಸಾಬೀತಾಗಲಿಲ್ಲ.

ನಾನು ಹೇಳಹೊರಟಿರುವುದು ಬೂಷ್ಟು ಹಿಡಿದ ಗೋಧಿಯ ಕತೆ. ಅದನ್ನು ಹಂದಿಗೋಡಿನಿಂದ ಶುರುಮಾಡುವುದಕ್ಕೆ ಕಾರಣ ಇದೆ. ಇದೇ ಇಬ್ಬರು, ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ, ದೇಶದ ಇನ್ನೊಂದು ಮೂಲೆಯಲ್ಲಿ ಇದೇ ಬಗೆಯ ವಿಚಾರಣೆ ನಡೆಸಿದ್ದರು. ಯಾವ ಮನೆಯವರು ಮಲಗಿದರು, ಯಾವ ಮನೆಯವರು ಮಲಗಲಿಲ್ಲ, ಇಬ್ಬರ ಊಟಕ್ಕೂ ಏನು ವ್ಯತ್ಯಾಸ ಎಂದು ಅಲ್ಲೂ ಕೇಳಿದ್ದರು. ಅಲ್ಲಿ ಮಾತ್ರ ಉತ್ತರ ಕಾಳಿನೊಳಗೆ ಸಿಕ್ಕಿತ್ತು. ಕಾಳು ತಪ್ಪಿತಸ್ಥ ಎನ್ನುವುದಕ್ಕೂ ಕಾಳು ನಿರಪರಾಧಿ ಎನ್ನುವುದಕ್ಕೂ ಬೇಕಾದ ಕ್ರಮ ಒಂದೇ. ಇದನ್ನು ಗಮನದಲ್ಲಿ ಇಟ್ಟುಕೊಳ್ಳದಿದ್ದರೆ ಮುಂದಿನ ಕತೆ ಪ್ರಯೋಗಾಲಯದ ಸಾಹಸದಂತೆ ಕಾಣುತ್ತದೆ. ಅದರ ಮುಕ್ಕಾಲು ಪಾಲು ನಡೆದದ್ದು ಹಳ್ಳಿಮನೆಗಳ ಜಗುಲಿಯಲ್ಲಿ.

1974ರ ಅಕ್ಟೋಬರಿನಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಕಡೆ ಕೊಯ್ಲಿಗೆ ಬಂದ ಮೆಕ್ಕೆಜೋಳದ ಮೇಲೆ ಅಕಾಲದ ಮಳೆ ಬಿತ್ತು. ಆದಿವಾಸಿ ಮನೆಗಳಿಗೆ ಅದೇ ವರ್ಷದ ಅನ್ನ. ತೆನೆ ಸರಿಯಾಗಿ ಒಣಗುವ ಮೊದಲೇ ಮನೆ ಸೇರಿತು, ಬೂಷ್ಟು ಕಟ್ಟಿತು, ಹಾಗೆಯೇ ಬೀಸಿ ರೊಟ್ಟಿಯಾಯಿತು. ಕೆಲವೇ ವಾರಗಳಲ್ಲಿ ಜನರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಅನೇಕ ಹಳ್ಳಿಗಳಲ್ಲಿ ಕಾಯಿಲೆ ಕಾಣಿಸಿಕೊಂಡಿತು. ಕಾಯಿಲೆ ಬಿದ್ದ 397 ಜನರಲ್ಲಿ 106 ಜನ ಸತ್ತರು. ಕಾಮಾಲೆ ಎಂದ ಕೂಡಲೇ ಯಾವ ವೈದ್ಯನಿಗೂ ಮೊದಲು ನೆನಪಾಗುವುದು ವೈರಸ್ಸು, ಕೆಟ್ಟ ನೀರು. ಇಲ್ಲಿ ಆ ಲೆಕ್ಕಕ್ಕೆ ಎರಡು ವಿಷಯ ಒಗ್ಗಲಿಲ್ಲ. ಕಾಯಿಲೆ ಮೆಕ್ಕೆಜೋಳವನ್ನೇ ನಂಬಿದ ಮನೆಗಳೊಳಗೆ ಉಳಿದಿತ್ತು. ಆ ಮನೆಗಳ ನಾಯಿಗಳಿಗೂ ಹೊಟ್ಟೆ ಉಬ್ಬಿತ್ತು, ನಾಯಿಗಳೂ ಸಾಯುತ್ತಿದ್ದವು. ಮನುಷ್ಯನ ಕಾಮಾಲೆಯ ವೈರಸ್ಸು ನಾಯಿಗೆ ಹತ್ತುವುದಿಲ್ಲ. ಇಬ್ಬರಿಗೂ ಸಮಾನವಾಗಿ ಇದ್ದದ್ದು ರೊಟ್ಟಿ ಒಂದೇ.

ಆ ಮನೆಗಳ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಸಿಕ್ಕಿತು. ಕಿಲೋಗೆ 6ರಿಂದ 15 ಮಿಲಿಗ್ರಾಂವರೆಗೆ ಇತ್ತು. ಇಂದು ನಮ್ಮ ದೇಶದಲ್ಲಿ ಧಾನ್ಯಕ್ಕೆ ಹಾಕಿರುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ ಅದರ ಸಾವಿರದಲ್ಲೊಂದು ಪಾಲು. 1975ರಲ್ಲಿ ಈ ವರದಿ ಲ್ಯಾನ್ಸೆಟ್‌ನಲ್ಲಿ ಬಂದಾಗ ಅದರ ಮೇಲೆ ಕೃಷ್ಣಮಾಚಾರಿ, ಭಟ್ ಅವರ ಹೆಸರುಗಳಿದ್ದವು. ಮುಂದಿನ ವರ್ಷ ಸಜ್ಜೆಯ ತೆನೆಗೆ ಹತ್ತುವ ಅರ್ಗಟ್ ಶಿಲೀಂಧ್ರದಿಂದ ಆದ ವಿಷಪ್ರಾಶನವನ್ನೂ ಅವರು ಬರೆದರು. ಅಷ್ಟು ಹೊತ್ತಿಗೆ ಕಾಯಿಲೆ ಎದ್ದ ಊರಿಗೆ ಹೋಗಿ ಮೊದಲು ಕಣಜ ನೋಡುವುದು ಅವರಿಗೆ ಅಭ್ಯಾಸವಾಗಿತ್ತೆಂದು ನಾನು ಭಾವಿಸುತ್ತೇನೆ.

ಪ್ರಾಣಿಗಳು ಮೊದಲು ಸುಳಿವು ಕೊಡುವುದು ನಮ್ಮ ಕಡೆಯವರಿಗೆ ಹೊಸತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಜ್ವರಕ್ಕೂ ಸತ್ತು ಬೀಳುತ್ತಿದ್ದ ಮಂಗಗಳಿಗೂ ನಂಟಿದೆ ಎಂಬುದು ಆ ಕಾಯಿಲೆಯ ಹುಡುಕಾಟಕ್ಕೆ ದಾರಿ ತೋರಿಸಿತು. ಇವತ್ತಿಗೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನವರು ಮಂಗ ಸತ್ತರೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸುತ್ತಾರೆ. ಬೂಷ್ಟಿನ ವಿಷದ ಕತೆಯಲ್ಲಿ ಆ ಮಂಗನ ಜಾಗದಲ್ಲಿ ಇರುವುದು ಕೋಳಿ. ಟರ್ಕಿ ಕೋಳಿ.

1960ರಲ್ಲಿ ಇಂಗ್ಲೆಂಡಿನ ಫಾರ್ಮುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದಕ್ಕೆ ಟರ್ಕಿ ಎಕ್ಸ್ ಕಾಯಿಲೆ ಎಂದರು. ಮೇವಿನಲ್ಲಿದ್ದ ಬ್ರೆಜಿಲಿನ ಕಡಲೆಕಾಯಿ ಹಿಂಡಿಯ ತನಕ ಜಾಡು ಹೋಯಿತು. ಹಿಂಡಿಯಲ್ಲಿ ಬೆಳೆದಿದ್ದದ್ದು ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಸಿರು ಬೂಷ್ಟು. ಅದರ ಸಾರವನ್ನು ಅತಿನೇರಳೆ ಬೆಳಕಿನಡಿ ಹಿಡಿದರೆ ಒಂದು ಭಾಗ ನೀಲಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯುತ್ತಿತ್ತು. ಅಫ್ಲಾಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗ.

ಆ ಸುದ್ದಿ ಮೈಸೂರಿಗೆ ಬಹಳ ಹತ್ತಿರದ ಸುದ್ದಿಯಾಗಿತ್ತು. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟನ್ನು ಬಡಮಕ್ಕಳ ಪ್ರೋಟೀನಿನ ಕೊರತೆಗೆ ಉತ್ತರ ಎಂದು ನಂಬಿ ವರ್ಷಗಟ್ಟಲೆ ದುಡಿದಿತ್ತು. ಆ ನಂಬಿಕೆಯಲ್ಲಿ ತಪ್ಪಿರಲಿಲ್ಲ, ಕಡಲೆಕಾಯಿ ನಮ್ಮದೇ ಬೆಳೆ, ಅಗ್ಗದ್ದು. ಆದರೆ ಹಿಂಡಿಯಲ್ಲಿ ಬೂಷ್ಟಿನ ವಿಷ ಕೂತಿರಬಹುದು ಎಂದಾದಾಗ ಶ್ರೀನಿವಾಸಮೂರ್ತಿ, ಪಾರ್ಪಿಯಾ ಮತ್ತವರ ಸಂಗಡಿಗರು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಆ ವಿಷವನ್ನು ಕಳೆಯುವ ಬಗೆಯನ್ನು 1967ರಲ್ಲಿ ಪ್ರಕಟಿಸಿದರು. 1971ರಲ್ಲಿ ಇನ್ನೂ ನೋವಿನ ವರದಿಯೊಂದು ಬಂತು. ತೀವ್ರ ಅಪೌಷ್ಟಿಕತೆಯಿಂದ ನರಳುತ್ತಿದ್ದ ಮಕ್ಕಳಿಗೆ ಮೈ ಹಿಡಿಯಲೆಂದು ಕೊಟ್ಟ ಕಡಲೆಕಾಯಿ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇತ್ತು, ಅದನ್ನು ತಿಂದ ಮಕ್ಕಳ ಯಕೃತ್ತು ಊದಿ, ಗಡಸಾಗಿತ್ತು. ವರದಿ ಬರೆದವರಲ್ಲಿ ಮಕ್ಕಳ ವೈದ್ಯೆ ಐ. ಅಮ್ಲಾ ಅವರ ಜೊತೆ ಶ್ರೀನಿವಾಸಮೂರ್ತಿ, ಪಾರ್ಪಿಯಾ ಕೂಡ ಇದ್ದರು. ಔಷಧವಾಗಬೇಕಿದ್ದ ಆಹಾರವೇ ಮಗುವಿನ ಯಕೃತ್ತನ್ನು ಕೆಡಿಸಿದ್ದನ್ನು ಅವರು ಬಚ್ಚಿಡದೆ ಬರೆದರು. ಅದಕ್ಕಾಗಿ ನನಗೆ ಅವರ ಮೇಲೆ ಗೌರವವಿದೆ.

ಗೋಧಿಯ ವಿಷ ಬೇರೆ ಜಾತಿಯದು. ಆಸ್ಪರ್ಜಿಲ್ಲಸ್‌ಗೆ ಬೇಕಾದದ್ದು ಸೆಕೆ. ಫ್ಯುಸೇರಿಯಂ ಎಂಬ ಇನ್ನೊಂದು ಬೂಷ್ಟಿನ ಬಳಗಕ್ಕೆ ತಂಪು, ತೇವ ಸಾಕು. ಅದು ಗೋಧಿ ಹೂ ಬಿಡುವಾಗಲೇ, ಮಳೆ ಬಿದ್ದ ದಿನಗಳಲ್ಲಿ, ತೆನೆಯೊಳಗೆ ಹೊಗುತ್ತದೆ. ಕೊಯ್ಲಿನ ಹೊತ್ತಿಗೆ ಮತ್ತೆ ಮಳೆ ಬಂದು ತೆನೆ ನೆನೆದೇ ನಿಂತರೆ, ಕೊಯ್ದದ್ದು ಒಣಗದೆ ರಾಶಿಬಿದ್ದರೆ ಅದರ ಕೆಲಸ ಇನ್ನೂ ಸಲೀಸು. ಇದು ಬಿಟ್ಟುಹೋಗುವ ವಿಷಗಳಲ್ಲಿ ಒಂದು ದೊಡ್ಡ ಬಳಗ ಟ್ರೈಕೋಥೆಸೀನುಗಳದು. ಅವು ಮಾಡಬಲ್ಲ ಅನಾಹುತವನ್ನು ಜಗತ್ತು ಕಂಡದ್ದು ಎರಡನೆಯ ಮಹಾಯುದ್ಧದ ನಡುವೆ ಸೋವಿಯತ್ ದೇಶದ ಓರೆನ್‌ಬುರ್ಗ್ ಸೀಮೆಯಲ್ಲಿ. ಕೊಯ್ಯಲು ಆಳಿಲ್ಲದೆ ಚಳಿಗಾಲವೆಲ್ಲ ಹಿಮದಡಿ ಉಳಿದ ಧಾನ್ಯವನ್ನು ಹಸಿದ ಜನ ವಸಂತದಲ್ಲಿ ಆಯ್ದು ತಿಂದರು. ಬಾಯಿ ಗಂಟಲು ಹುಣ್ಣಾಗಿ, ರಕ್ತದ ಬಿಳಿಕಣಗಳು ಕುಸಿದು, ಸಾವಿರಾರು ಜನ ಸತ್ತರು. ಎಪ್ಪತ್ತರ ದಶಕದ ಆರಂಭದಲ್ಲಿ ಜಪಾನಿನವರು ಬೂಷ್ಟು ಹಿಡಿದ ಬಾರ್ಲಿಯಿಂದ, ಅಮೆರಿಕದವರು ಹಂದಿಗಳು ಮೂಸಿ ಬಿಟ್ಟ, ತಿಂದರೆ ವಾಂತಿ ಮಾಡಿಕೊಳ್ಳುತ್ತಿದ್ದ ಮೆಕ್ಕೆಜೋಳದಿಂದ ಒಂದೇ ವಸ್ತುವನ್ನು ಬೇರೆಬೇರೆಯಾಗಿ ಬೇರ್ಪಡಿಸಿದರು. ಅದೇ ಡಿಆಕ್ಸಿನಿವಲಿನಾಲ್. ಉದ್ದ ಹೆಸರಿನ ಬದಲು ಡಾನ್ ಎನ್ನುವುದು ರೂಢಿ.

1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಜನರಿಗೆ ಹೊಟ್ಟೆನೋವು ಶುರುವಾದಾಗ ಭಾರತದಲ್ಲಿ ಗೋಧಿಯ ಬೂಷ್ಟಿನಿಂದ ಮನುಷ್ಯರಿಗೆ ಕಾಯಿಲೆ ಬರಬಹುದೆಂದು ಯಾರೂ ಎಣಿಸಿರಲಿಲ್ಲ. ನಮ್ಮ ಗೋಧಿ ಬೆಳೆಯುವುದು ಒಣ ಹವೆಯಲ್ಲಿ, ಕೊಯ್ಯುವುದು ಬಿಸಿಲಲ್ಲಿ. ಆ ವರ್ಷ ಮಾತ್ರ ಮಳೆಗೆ ಸಿಕ್ಕಿ ಹಾಳಾದ ಗೋಧಿ ಹಿಟ್ಟಾಗಿ ರೊಟ್ಟಿಯಾಗಿ ಮನೆಗಳನ್ನು ಸೇರಿತ್ತು. ಭಟ್ ಅವರು ಎಸ್.ಆರ್. ಬೀಡು, ವೈ. ರಾಮಕೃಷ್ಣ, ಕೆ.ಎಲ್. ಮುನ್ಷಿ ಅವರೊಂದಿಗೆ ಇದರ ಬೆನ್ನು ಹತ್ತಿದರು.

ವಿಚಾರಿಸಿದ 224 ಜನರಲ್ಲಿ 97 ಜನರಿಗೆ ತೊಂದರೆ ಇತ್ತು. ಅಷ್ಟೂ ಜನರಿಗೆ ಹೊಟ್ಟೆನೋವು. ಅರ್ಧಕ್ಕಿಂತ ಹೆಚ್ಚು ಜನರಿಗೆ ಗಂಟಲು ಕೆರೆತ. ಅನೇಕರಿಗೆ ಭೇದಿ, ಕೆಲವರಿಗೆ ಮಲದಲ್ಲಿ ರಕ್ತ. ಇಷ್ಟೇ ಆಗಿದ್ದರೆ ಆಮಶಂಕೆಯ ಸುಗ್ಗಿ ಎಂದು ಕೈಬಿಡಬಹುದಿತ್ತು. ಕೈಬಿಡಲಾಗದಂತೆ ಮಾಡಿದ್ದು ಹೊತ್ತಿನ ಲೆಕ್ಕ. ರೊಟ್ಟಿ ತಿಂದ ಕಾಲುಗಂಟೆಯಿಂದ ಒಂದು ಗಂಟೆಯೊಳಗೆ ನೋವು ಶುರುವಾಗುತ್ತಿತ್ತು. ರೋಗಾಣು ಹೊಟ್ಟೆಗೆ ಹೋಗಿ, ಬೆಳೆದು, ಪೀಡಿಸಲು ಅಷ್ಟು ಕಡಿಮೆ ಹೊತ್ತು ಸಾಲುವುದಿಲ್ಲ. ಅಷ್ಟು ಬೇಗ ಕೆಲಸ ಮಾಡಬೇಕಾದರೆ ವಿಷ ತಯಾರಾಗಿಯೇ ತಟ್ಟೆಗೆ ಬಂದಿರಬೇಕು. ಗಂಟಲಿನ ಕೆರೆತವೂ ಅದನ್ನೇ ಹೇಳುತ್ತಿತ್ತು, ಹೋಗುವ ದಾರಿಯಲ್ಲೇ ಅದು ಸುಡುತ್ತ ಹೋಗಿತ್ತು. ಒಂದು ವಾರಕ್ಕಿಂತ ಹೆಚ್ಚು ಕಾಲ ಆ ರೊಟ್ಟಿ ತಿಂದ ಮಕ್ಕಳಿಗೆ ಉಸಿರಾಟದ ಸೋಂಕೂ ಕಾಣಿಸಿತ್ತು. ಟ್ರೈಕೋಥೆಸೀನುಗಳು ಜೀವಕೋಶ ಪ್ರೋಟೀನು ಕಟ್ಟುವ ಜಾಗಕ್ಕೇ ಹೋಗಿ ಅಡ್ಡ ಕೂರುತ್ತವೆ. ಕರುಳಿನ ಒಳಪದರ, ರಕ್ತ ತಯಾರಾಗುವ ಮಜ್ಜೆ, ರೋಗನಿರೋಧಕ ಕಣಗಳು, ಹೀಗೆ ಬೇಗ ಬೇಗ ಹುಟ್ಟಿ ಸಾಯುವ ಭಾಗಗಳಿಗೆ ಮೊದಲ ಪೆಟ್ಟು.

ಹಿಟ್ಟು ಮತ್ತು ಗೋಧಿಯ ಮಾದರಿಗಳಲ್ಲಿ ಡಾನ್ ಸಿಕ್ಕಿತು, ಕಿಲೋಗೆ 0.34ರಿಂದ 8.4 ಮಿಲಿಗ್ರಾಂವರೆಗೆ. ಕೆಲವು ಮಾದರಿಗಳಲ್ಲಿ ನಿವಲಿನಾಲ್, ಇನ್ನು ಕೆಲವಲ್ಲಿ ಓರೆನ್‌ಬುರ್ಗಿನ ದುರಂತದೊಂದಿಗೆ ಹೆಸರು ಕೂಡಿಕೊಂಡಿರುವ ಟಿ-2 ಕೂಡ ಇತ್ತು. 1989ರಲ್ಲಿ ಲ್ಯಾನ್ಸೆಟ್ ಈ ವರದಿಯನ್ನು ಪ್ರಕಟಿಸಿತು. ಮಳೆಗೆ ಕೆಟ್ಟ ಗೋಧಿಯಿಂದ ಮನುಷ್ಯರಿಗೆ ಏನಾಗುತ್ತದೆ ಎಂದು ಯಾವ ದೇಶದವರು ಬರೆಯಲು ಕೂತರೂ ಇಂದಿಗೂ ಕಾಶ್ಮೀರದ ಆ ಕೆಲವೇ ಪುಟಗಳನ್ನು ದಾಟಿ ಹೋಗಲಾರರು.

ಬೂಷ್ಟು ಹತ್ತಿದ ಗೋಧಿಯನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದರೆ ಒಳ್ಳೆಯ ಕಾಳಿನ ನಡುವೆ ಕೆಲವು ಸುಕ್ಕಾಗಿ ಸಣಕಲಾಗಿರುತ್ತವೆ. ಬಣ್ಣ ಸುಣ್ಣದ ಹಾಗೆ ಬಿಳಿಚಿರುತ್ತದೆ, ಕೆಲವು ಕಡೆ, ಅದರಲ್ಲೂ ಮೊಳಕೆಯ ತುದಿಯಲ್ಲಿ, ತೆಳು ಗುಲಾಬಿ ಛಾಯೆ. ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತವೆ. ಇಂಥ ಕಾಳು ಹಗುರ. ಮೊರದಲ್ಲಿ ಹಾಕಿ ಕೇರಿದರೆ ಜೊಳ್ಳಿನ ಜೊತೆ ಮುಂದಕ್ಕೆ ಹಾರಿಬೀಳುತ್ತವೆ, ನೀರಿಗೆ ಹಾಕಿದರೆ ತೇಲುತ್ತವೆ. ವಿಷದ ದೊಡ್ಡ ಪಾಲು ಇಂಥ ಕಾಳಿನಲ್ಲೇ ಇರುವುದರಿಂದ ಕೇರಿ ಆರಿಸುವ ಕೆಲಸಕ್ಕೆ ನಿಜವಾದ ಬೆಲೆ ಇದೆ. ದೊಡ್ಡ ಗಿರಣಿಗಳೂ ಯಂತ್ರದಲ್ಲಿ ಮಾಡುವುದು ಇದನ್ನೇ. ಹಿಟ್ಟಾದ ಮೇಲೆ ಮಾತ್ರ ದಾರಿ ಮುಚ್ಚಿತು. ಹಿಟ್ಟಿನಲ್ಲಿ ಡಾನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಗ್ಗಲು ವಾಸನೆ ಬರುವುದು ಬೂಷ್ಟಿನಿಂದ. ಬಿಸಿಲಿಗೆ ಹಾಕಿ ವಾಸನೆ ಹೋಯಿತೆಂದರೆ ವಿಷ ಹೋಯಿತೆಂದಲ್ಲ. ಕಾವಲಿಯ ಬಿಸಿ ಬೂಷ್ಟನ್ನು ಕೊಲ್ಲುತ್ತದೆ, ಅದು ಮೊದಲೇ ಮಾಡಿಟ್ಟ ವಿಷ ಚಪಾತಿಯಲ್ಲಿ ಉಳಿಯುತ್ತದೆ. ತೌಡಿನ ಪದರದಲ್ಲಿ ವಿಷ ಹೆಚ್ಚಿರುವುದರಿಂದ ಮೈದಾಕ್ಕಿಂತ ಇಡೀ ಗೋಧಿಯ ಹಿಟ್ಟಿನಲ್ಲಿ ಅದರ ಪಾಲು ಜಾಸ್ತಿ. ಆರೋಗ್ಯಕ್ಕೆಂದು ತೌಡು ಬಿಡದೆ ಬೀಸಿಸುವವರು ಕಾಳು ಆರಿಸುವುದನ್ನು ಬಿಡಬಾರದು.

ಕಾಶ್ಮೀರ ದೂರವಾಯಿತು ಎನ್ನುವವರಿಗೆ 1995 ಇದೆ. ಆ ವರ್ಷ ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಬಯಲಿನಲ್ಲಿ ಜೋಳ, ಮೆಕ್ಕೆಜೋಳದ ಮೇಲೆ ಕೊಯ್ಲಿನ ಹೊತ್ತಿನ ಮಳೆ ಬಿತ್ತು. ರೊಟ್ಟಿ ತಿಂದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೊಟ್ಟೆ ಹಿಂಡಿಕೊಳ್ಳುವುದು, ಕರುಳು ಗುಡುಗುಡು ಎನ್ನುವುದು, ಭೇದಿ. ಭಟ್ ಮತ್ತು ಸಂಗಡಿಗರು ಸುತ್ತಿದ 50 ಹಳ್ಳಿಗಳಲ್ಲಿ 27ರಲ್ಲಿ ಇದು ಇತ್ತು. ಸಾವು ಇರಲಿಲ್ಲ. ಸಾವಿಲ್ಲದ ಭೇದಿಯನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ್ದೇ ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಹಳ್ಳಿಯಲ್ಲಿ ಭೇದಿಯಾದರೆ ಯಾರು ವರದಿ ಬರೆಯುತ್ತಾರೆ?

ಅವರು ಕಾಯಿಲೆ ಬಿದ್ದ ಮನೆಗಳಿಂದಲೂ, ಅದೇ ಊರುಗಳಲ್ಲಿ ಆರಾಮಾಗಿದ್ದ ಮನೆಗಳಿಂದಲೂ ಕಾಳು ತಂದರು. ಮಳೆಗೆ ನೆನೆದ, ಬೂಷ್ಟು ಹಿಡಿದ ಜೋಳ ಅಥವಾ ಮೆಕ್ಕೆಜೋಳ ತಿಂದ ಮನೆಗಳಲ್ಲಷ್ಟೇ ತೊಂದರೆ ಕಂಡಿತ್ತು. ಆ ಮನೆಗಳ ಕಾಳನ್ನು ಒಂದು ದಿನದ ಹುಂಜದ ಮರಿಗಳಿಗೆ ತಿನ್ನಿಸಿದಾಗ ಮರಿಗಳಿಗೂ ಭೇದಿಯಾಯಿತು. ರಾಸಾಯನಿಕ ಪರೀಕ್ಷೆಯಲ್ಲಿ ಕಾಯಿಲೆಯ ಮನೆಗಳ ಜೋಳದ 20 ಮಾದರಿ, ಮೆಕ್ಕೆಜೋಳದ 12 ಮಾದರಿ ಎಲ್ಲದರಲ್ಲೂ ಫ್ಯುಮೋನಿಸಿನ್ ಸಿಕ್ಕಿತು. ಜೋಳದಲ್ಲಿ ಕಿಲೋಗೆ 7.8 ಮಿಲಿಗ್ರಾಂವರೆಗೆ, ಮೆಕ್ಕೆಜೋಳದಲ್ಲಿ 64.7 ಮಿಲಿಗ್ರಾಂವರೆಗೆ. ಆರಾಮಿದ್ದ ಮನೆಗಳ ಕಾಳಿನಲ್ಲಿ ಕೆಲವಕ್ಕೆ ಮಾತ್ರ, ಅದೂ ತೀರ ಅಲ್ಪ.

ಫ್ಯುಮೋನಿಸಿನ್ ಕೂಡ ಫ್ಯುಸೇರಿಯಂ ಬಳಗದ್ದೇ ವಿಷ, ಡಾನ್‌ನ ದಾಯಾದಿ. ಆಗ ಅದರ ಹೆಸರು ಹುಟ್ಟಿ ಏಳು ವರ್ಷವಾಗಿತ್ತಷ್ಟೇ. ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ ಕುದುರೆಗಳ ಮಿದುಳು ಕರಗಿ ಸಾಯುವ ಒಂದು ಹಳೆಯ ಕಾಯಿಲೆಯ ಬೂಷ್ಟನ್ನು ಹಿಡಿದುಕೊಂಡು, ಗೆಲ್ಡರ್‌ಬ್ಲೋಮ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾದಲ್ಲಿ 1988ರಲ್ಲಿ ಅದನ್ನು ಬೇರ್ಪಡಿಸಿದ್ದರು. ಪಂಚಮಹಲಿಗೆ ಅಫ್ಲಾಟಾಕ್ಸಿನ್ ಗೊತ್ತಿದ್ದವರು ಹೋದದ್ದು, ದಖ್ಖನ್ನಿಗೆ ಫ್ಯುಮೋನಿಸಿನ್ ಗೊತ್ತಿದ್ದವರು ಹೋದದ್ದು ಕಾಕತಾಳೀಯವಲ್ಲ. ದೂರದ ಯಾವುದೋ ಕೋಳಿ, ಕುದುರೆಯ ಸುದ್ದಿಯನ್ನು ಓದಿಟ್ಟುಕೊಂಡವರಿಗೆ ಮಾತ್ರ ಹತ್ತಿರದ ಹೊಟ್ಟೆನೋವಿನಲ್ಲಿ ಏನು ಹುಡುಕಬೇಕೆಂದು ಹೊಳೆಯುತ್ತದೆ. ಅದೇ ಹೊತ್ತಿನಲ್ಲಿ ಮಳೆಗೆ ಕೆಟ್ಟ ಮೆಕ್ಕೆಜೋಳದ ಮೇವು ತಿಂದ ಮೊಟ್ಟೆಕೋಳಿಗಳಿಗೆ ಕಪ್ಪು ಅಂಟು ಭೇದಿಯಾಗಿ, ಮೊಟ್ಟೆ ಇಳಿದು, ಕೋಳಿಗಳು ಸತ್ತದ್ದನ್ನೂ ಭಟ್ ಮತ್ತು ಪಶುವೈದ್ಯ ಸಂಗಡಿಗರು 1997ರಲ್ಲಿ ಬರೆದರು.

ನೆನೆದ ಜೋಳವನ್ನು ಯಾರು ತಿನ್ನುತ್ತಾರೆ ಎಂಬುದು ಈ ವರದಿಗಳ ಅಂಕಿಗಳ ಹಿಂದೆ ನಿಂತಿರುವ ಮಾತು. ಒಳ್ಳೆಯ ಕಾಳು ಕೊಳ್ಳುವ ಶಕ್ತಿ ಇದ್ದವನು ಕೆಟ್ಟದ್ದನ್ನು ದನಕ್ಕೆ ಹಾಕುತ್ತಾನೆ ಅಥವಾ ಮಾರುತ್ತಾನೆ. ಮಾರಿದ್ದು ಅಗ್ಗಕ್ಕೆ ಹೋಗುತ್ತದೆ, ಅಗ್ಗದ್ದನ್ನು ಕೊಳ್ಳುವವರ ಮನೆಗೇ ಸೇರುತ್ತದೆ. ಕೂಲಿಗೆ ಬದಲಾಗಿ ಕಾಳು ಪಡೆಯುವವರು ಆರಿಸಿಕೊಳ್ಳುವ ಜಾಗದಲ್ಲಿ ಇರುವುದಿಲ್ಲ. ಗೋಧಿಯಲ್ಲಿ ಡಾನ್ ಕಿಲೋಗೆ 1,000 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಕಾಶ್ಮೀರದ ಅತಿ ಕೆಟ್ಟ ಮಾದರಿಯಲ್ಲಿ ಇದರ ಎಂಟು ಪಟ್ಟಿಗಿಂತ ಹೆಚ್ಚಿತ್ತು. ನಿಯಮ ಬೇಕು, ಒಳ್ಳೆಯದೇ. ಆದರೆ ಅದು ತಲುಪುವುದು ಪ್ಯಾಕೆಟ್ಟಿನ ಹಿಟ್ಟಿಗೆ, ದೊಡ್ಡ ವ್ಯಾಪಾರಕ್ಕೆ. ಹೊಲದಿಂದ ನೇರ ಒಲೆಗೆ ಹೋಗುವ ಕಾಳಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಪಂಚಮಹಲ್, ದಖ್ಖನ್ ಎರಡೂ ಕಡೆ ಕಾಯಿಲೆ ಎದ್ದದ್ದು ಅಂಥ ಕಾಳಿನಿಂದಲೇ.

ಮಲೆನಾಡಿನವರಿಗೆ ಬೂಷ್ಟಿನ ಪರಿಚಯ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಸರಿಸಾಟಿ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು, ಗೋಡೆಯ ಪಟಕ್ಕೂ ಬೂಷ್ಟು. ಅಡಿಕೆಯ ಕೊಳೆಗಂತೂ ನೂರಾರು ವರ್ಷದ ಚರಿತ್ರೆ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಹಿಂದೆ ಶಿಲೀಂಧ್ರದಂಥ ಜೀವಿ ಇರುವುದನ್ನು ವಿವರವಾಗಿ ಬರೆದದ್ದು 1910ರಲ್ಲಿ. ಮೈಲುತುತ್ತ, ಸುಣ್ಣ ಕಲಸಿ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಆ ಕೆಲಸದ ಹಿಂದೆಯೇ. ಹೀಗಾಗಿ ಬೂಷ್ಟು ಎಂದರೆ ಬೆಳೆ ಕದಿಯುವ ಕಳ್ಳ ಎಂಬುದು ನಮಗೆ ಚೆನ್ನಾಗಿ ಗೊತ್ತು. ಬೆಳೆ ಕೈಗೆ ಬಂದ ಮೇಲೆ, ಕಾಳು ಕಾಳಾಗಿಯೇ ಕಾಣುತ್ತಿರುವಾಗ, ಅದರೊಳಗೆ ವಿಷ ಇಟ್ಟು ಹೋಗಬಲ್ಲದು ಎಂಬ ತಿಳಿವಳಿಕೆ ಅಷ್ಟು ಬೇರು ಬಿಟ್ಟಿಲ್ಲ.

ಹಿಂದಿನವರು ಬತ್ತವನ್ನು ತಿರಿ ಕಟ್ಟಿಡುವ ಮೊದಲು ಹಲ್ಲಲ್ಲಿ ಕಚ್ಚಿ ಟಕ್ಕೆಂದರೆ ಒಣಗಿದೆ ಎನ್ನುತ್ತಿದ್ದರು. ಒಲೆಯ ಹೊಗೆ ಏರುವ ಅಟ್ಟದಲ್ಲಿ ಬೀಜದ ಕಾಳು ಇಡುತ್ತಿದ್ದರು. ಆ ಒಲೆಗಳೂ ಅಟ್ಟಗಳೂ ಈಗ ಕಡಿಮೆ, ಕಾಳು ಪ್ಲಾಸ್ಟಿಕ್ ಚೀಲದಲ್ಲಿ ಸಿಮೆಂಟು ನೆಲದ ಮೇಲೆ ಕೂರುತ್ತದೆ. ನೆಲದ ತೇವ ಏರದಂತೆ ಅಡಿಗೆ ಹಲಗೆ ಹಾಕಬೇಕು, ಗೋಡೆಗೆ ತಾಗಿಸಬಾರದು, ಧಾನ್ಯದ ತೇವಾಂಶ ನೂರಕ್ಕೆ ಹದಿಮೂರರ ಒಳಗೆ ಇಳಿಯುವ ತನಕ ಚೀಲದ ಬಾಯಿ ಕಟ್ಟಬಾರದು. ಗೋಧಿಯನ್ನು ನಾವು ಬೆಳೆಯುವುದಿಲ್ಲ, ಸೊಸೈಟಿಯಿಂದಲೋ ಅಂಗಡಿಯಿಂದಲೋ ತರುತ್ತೇವೆ. ಆದರೆ ಮಳೆಗಾಲದಲ್ಲಿ ತಂದ ಗೋಧಿಯನ್ನು ತಿಂಗಳುಗಟ್ಟಲೆ ಡಬ್ಬದಲ್ಲಿ ಇಟ್ಟು ಮುಗ್ಗಲಾದ ಮೇಲೆ ಬಿಸಿಲು ತೋರಿಸಿ ಗಿರಣಿಗೆ ಒಯ್ಯುವುದು ನಮ್ಮಲ್ಲಿ ಇದ್ದದ್ದೇ. ಮನೆಯ ತೇವದಲ್ಲಿ ಬೆಳೆಯುವ ಬೂಷ್ಟಿನ ವಿಷ ಕಾಶ್ಮೀರದ್ದೇ ಆಗಬೇಕಿಲ್ಲ, ಬೇರೆ ಬೂಷ್ಟಿನದೂ ಆಗಬಹುದು. ಅಂಥ ಗೋಧಿಯನ್ನು ಮಕ್ಕಳ ತಟ್ಟೆಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ದನಕ್ಕೂ ಬೇಡ. ಅಫ್ಲಾಟಾಕ್ಸಿನ್ ತಿಂದ ಹಸುವಿನ ಹಾಲಿನಲ್ಲಿ ಅದರ ರೂಪಾಂತರ ಇಳಿದು ಬರುತ್ತದೆ.

ಸಾಗರದ ಪೂರ್ವಕ್ಕೆ ಆನಂದಪುರದ ಕಡೆ, ಅದರಾಚೆ ಶಿಕಾರಿಪುರದ ಕಡೆ ಮೆಕ್ಕೆಜೋಳ ಈಗ ದೊಡ್ಡ ಬೆಳೆ. ಅಕ್ಟೋಬರ್, ನವೆಂಬರಿನಲ್ಲಿ ರಸ್ತೆಯ ಒಂದು ಬದಿಯುದ್ದಕ್ಕೂ ಹಳದಿ ಕಾಳು ಹರಡಿರುತ್ತದೆ. ಹಿಂಗಾರು ಮಳೆ ಅದೇ ತಿಂಗಳಲ್ಲಿ ಹೇಳದೆ ಕೇಳದೆ ಬರುತ್ತದೆ, ಟಾರ್ಪಾಲು ಹೊದಿಸಿದ ಕಾಳು ಅಡಿಯಲ್ಲಿ ಬೆವರುತ್ತದೆ. ಪಂಚಮಹಲಿನ 1974ಕ್ಕೂ ದಖ್ಖನ್ನಿನ 1995ಕ್ಕೂ ಇದೇ ಹವೆ, ಇದೇ ಬೆಳೆ. ಆನಂದಪುರದ ಹತ್ತಿರ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಸುಗ್ಗಿಯಲ್ಲಿ ಮಳೆ ಬಿದ್ದ ವರ್ಷ ಅಲ್ಲಿನ ವಿದ್ಯಾರ್ಥಿಗಳು ಸುತ್ತಲ ಹಳ್ಳಿಗಳ ಮನೆಗಳಿಂದ ಮುಷ್ಟಿ ಮುಷ್ಟಿ ಕಾಳು ತಂದು ಪರೀಕ್ಷೆ ಮಾಡಿ, ಎಷ್ಟು ವಿಷ ಇತ್ತೆಂದು ಅದೇ ಮನೆಗಳಿಗೆ ಹೋಗಿ ಹೇಳುವ ಏರ್ಪಾಡು ಆಗಬೇಕು. ಕೆಟ್ಟ ಕಾಳಿಗೆ ಬದಲು ಒಳ್ಳೆಯ ಕಾಳು ಸೊಸೈಟಿಯಲ್ಲಿ ಸಿಗುವಂತೆ ತಾಲ್ಲೂಕು ಆಡಳಿತ ನೋಡಿಕೊಳ್ಳಬೇಕು. ದಖ್ಖನ್ನಿನ ಹಳ್ಳಿಗಳಲ್ಲಿ ಯಾವ ಔಷಧವೂ ಬೇಕಾಗಿರಲಿಲ್ಲ. ನೆನೆದ ಜೋಳದ ರೊಟ್ಟಿ ನಿಲ್ಲಿಸಿದ ಮೇಲೆ ಜನ ತಾವಾಗಿ ಗುಣವಾದರು.